ಮೆಜೆಸ್ಟಿಕ್ ಕಡೆಗೆ ಎಳೆದ ಕಣ್ಣು

ಆಪರೇಷನ್ ಥಿಯೇಟರ್ ಟೆಕ್ನಿಶಿಯನ್ ಕೋರ್ಸಿಗೆ ಸೇರಿದ ಹುಡುಗ ಹುಡುಗಿಯರಿಗೆ ನಾನು ಕಣ್ಣಾಸ್ಪತ್ರೆಯಿಂದ ರಿಟೈರ್ ಆದವನು ಎಂದು ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ಅಂಕಲ್, ಕಣ್ಣನ್ನ ಹೊರಗೆ ತೆಗೆದು ಟ್ರೇನಲ್ಲಿಟ್ಟು, ರಿಪೇರಿ ಮಾಡಿ, ವಾಪಸ್ ಹಾಕ್ತಾರಂತೆ, ಹೌದಾ?" ಇಲ್ಲ ಕಣ್ರಪ್ಪಾ. ಕಣ್ಣು ಇದ್ದ ಜಾಗದಲ್ಲೇ ಇರುತ್ತದೆ. ಇಷ್ಟು ವರ್ಷದಲ್ಲಿ ನಾನು ಹೌದು ಎಂದು ಹೇಳಿದ್ದು ನನ್ನ ಭಾವಮೈದನೊಬ್ಬನಿಗೆ ಮಾತ್ರ. ಟ್ರೇನಲ್ಲಿಟ್ಟ ಕಣ್ಣನ್ನು ಬೆಕ್ಕು ಮುಟ್ಟದ ಹಾಗೆ ಕಾಯುವುದೇ ನನ್ನ ಡ್ಯೂಟಿ ಎಂದೂ ಸೇರಿಸಿದ್ದೆ. ಆಮೇಲೆ ಅವನಿಗೇ ಪೊರೆ ಬಂತು. ಅದು ತಮಾಷೆ ಮಾರಾಯ ಎಂದು ಅವನನ್ನು ಒಪ್ಪಿಸುವಷ್ಟರಲ್ಲಿ ನನ್ನ ಹೆಂಡತಿ ನನ್ನ ಜೊತೆ ಮಾತು ಬಿಟ್ಟಾಗಿತ್ತು. ಆದ್ದರಿಂದ ಇಲ್ಲಿ ಬರೆಯುವುದೆಲ್ಲ ನಿಜ.

ನಾನು ಹುಳಿಯಾರಿನವನು. ಮೀಸೆ ಬಂದು ಎಷ್ಟೋ ವರ್ಷದ ಮೇಲೆ ಎಸ್ಸೆಸ್ಸೆಲ್ಸಿ ಪಾಸು ಮಾಡಿ, ರಾಜಾಜಿನಗರದ ಒಂದು ಸಣ್ಣ ಕಣ್ಣಾಸ್ಪತ್ರೆಯಲ್ಲಿ ಸ್ಟ್ರೆಚರ್ ತಳ್ಳಲು ಸೇರಿದೆ. ಹೊರಗೆ ಬರುವಾಗ ಥಿಯೇಟರ್ ಟೆಕ್ನಿಶಿಯನ್ ಆಗಿದ್ದೆ. ನಡುವೆ ಏನೇನಾದೆ ಎಂದು ಬರೆಯುವುದಿಲ್ಲ. ಅಂಗಿಯ ಬಣ್ಣ ಬದಲಾಯಿತು, ಬೈಯುವವರು ಬದಲಾದರು, ಅಷ್ಟೇ. ಫೋನಿನಲ್ಲಿ ಒಂದೇ ಬೆರಳಿನಿಂದ ಟೈಪ್ ಮಾಡುವವನಿಗೆ ಜಂಬ ಕೊಚ್ಚಿಕೊಳ್ಳಲು ಬೆರಳು ಸಾಲುವುದಿಲ್ಲ.

ನಮ್ಮಲ್ಲಿ ಹೆಚ್ಚು ನಡೆಯುತ್ತಿದ್ದದ್ದು ಮೆಳ್ಳೆಗಣ್ಣಿನ ಆಪರೇಷನ್. ಕಣ್ಣುಗುಡ್ಡೆಯನ್ನು ಒಂದು ಸ್ನಾಯು ಮೂಗಿನ ಕಡೆಗೆ ಎಳೆಯುತ್ತದೆ, ಇನ್ನೊಂದು ಕಿವಿಯ ಕಡೆಗೆ. ಹಗ್ಗಜಗ್ಗಾಟದಲ್ಲಿ ಎರಡೂ ಸಮ ಇದ್ದರೆ ಕಣ್ಣು ನೆಟ್ಟಗಿರುತ್ತದೆ. ಒಂದು ಗೆದ್ದರೆ ಕಣ್ಣು ಆ ಕಡೆಗೆ ಓಡುತ್ತದೆ. ಡಾಕ್ಟರು ಗೆದ್ದವನನ್ನು ಸಡಿಲ ಬಿಟ್ಟು, ಸೋತವನನ್ನು ಬಿಗಿ ಮಾಡಿ ಹೊಲಿಯುತ್ತಾರೆ. ಇಷ್ಟೇ ವಿದ್ಯೆ. ಇದನ್ನು ಕಲಿಯಲು ಅವರಿಗೆ ಅರ್ಧ ಆಯುಷ್ಯ ಹಿಡಿಯುತ್ತದೆ.

ನಮ್ಮ ಡಾಕ್ಟರು ಶಶಿಕಲಾ ಮೇಡಂ. ಕುಳ್ಳಗೆ, ತೆಳ್ಳಗೆ ಇದ್ದರು. ದನಿ ಎತ್ತುತ್ತಿರಲಿಲ್ಲ. ಸಿಟ್ಟು ಹೆಚ್ಚಾದಷ್ಟೂ ಅವರ ದನಿ ಸಣ್ಣದಾಗುತ್ತಿತ್ತು. ಕೇಳಿಸದಷ್ಟು ಸಣ್ಣದಾದರೆ ನಾವು ಟ್ರೇ ಜೋಡಿಸುವ ನೆಪದಲ್ಲಿ ಆಚೆ ಹೋಗುತ್ತಿದ್ದೆವು. ಥಿಯೇಟರಿಗೆ ಹೊಸದಾಗಿ ಬರುವವರು ಮೊದಲು ಕಲಿಯಬೇಕಾದದ್ದು ಡಾಕ್ಟರ ಸಿಟ್ಟಿನ ಗುರುತು. ಕತ್ತರಿ, ಚಿಮಟದ ಹೆಸರು ಆಮೇಲೆ ಕಲಿಯಬಹುದು.

ಆಪರೇಷನ್ನಿಗೆ ಮುಂಚೆ ಯಾವ ಕಣ್ಣು ಎಂದು ಹುಬ್ಬಿನ ಮೇಲೆ ಮಾರ್ಕರಿನಲ್ಲಿ ಒಂದು ಚುಕ್ಕೆ ಇಡುವುದು ನಮ್ಮ ಪದ್ಧತಿ. ಒಂದು ಸಲ ಬಸವೇಶ್ವರನಗರದ ಒಂದು ಮಗುವಿನ ಎಡಹುಬ್ಬಿಗೆ ಚುಕ್ಕೆ ಇಟ್ಟು ವಾರ್ಡಿಗೆ ಕಳಿಸಿದೆವು. ಥಿಯೇಟರಿಗೆ ಬಂದಾಗ ಎರಡೂ ಹುಬ್ಬಿನ ಮೇಲೆ ಚುಕ್ಕೆ. ಮೇಡಂ ನನ್ನ ಮುಖ ನೋಡಿದರು, ನಾನು ಸಿಸ್ಟರ್ ಮುಖ ನೋಡಿದೆ. ಹೊರಗೆ ಹೋಗಿ ವಿಚಾರಿಸಿದರೆ ಮಗುವಿನ ಅಜ್ಜಿ ಸಮಾಧಾನವಾಗಿ ಹೇಳಿದರು. ಆಸ್ಪತ್ರೆಯವರು ದೃಷ್ಟಿ ಬೊಟ್ಟು ಇಟ್ಟಿದ್ದು ಒಳ್ಳೆಯದೇ ಆಯಿತಂತೆ. ಒಂದೇ ಕಡೆ ಇದ್ದರೆ ಚೆನ್ನಾಗಿ ಕಾಣುವುದಿಲ್ಲ ಎಂದು ಇನ್ನೊಂದು ಕಡೆಗೆ ತಾವೇ ಕಾಡಿಗೆ ಹಚ್ಚಿದರಂತೆ. ಕೇಸ್ ಶೀಟ್ ನೋಡಿ, ಮಗುವನ್ನು ಮತ್ತೆ ಪರೀಕ್ಷೆ ಮಾಡಿ, ಮೇಡಂ ಕೆಲಸ ಮುಗಿಸಿದರು. ಅವತ್ತಿನಿಂದ ಚುಕ್ಕೆ ಹೋಗಿ ಬಾಣದ ಗುರುತು ಬಂತು. ಬಾಣಕ್ಕೆ ಜೋಡಿ ಬಾಣ ಹಾಕಿದ ಅಜ್ಜಿ ಇನ್ನೂ ಯಾರೂ ಸಿಕ್ಕಿಲ್ಲ.

ಇನ್ನು ರೇಣುಕಾಳ ಕೇಸು. ನಾನು ಬರೆಯಲು ಕೂತದ್ದೇ ಅದಕ್ಕಾಗಿ.

ರೇಣುಕಾ ಗದಗ ಕಡೆಯವಳು, ಕೆಂಗೇರಿ ಹತ್ತಿರದ ಉಲ್ಲಾಳದಲ್ಲಿ ಬಾಡಿಗೆಗಿದ್ದಳು, ಸಿಟಿ ಬಸ್ಸಿನಲ್ಲಿ ಕಂಡಕ್ಟರ್. ಅವಳ ಬಲಗಣ್ಣು ಬೆಳಿಗ್ಗೆ ನೆಟ್ಟಗಿರುತ್ತಿತ್ತು, ದಣಿವಾದಂತೆ ಕಿವಿಯ ಕಡೆಗೆ ಜಾರುತ್ತಿತ್ತು. ಸಾಯಂಕಾಲದ ಟ್ರಿಪ್ಪಿನಲ್ಲಿ ಅವಳು ಒಬ್ಬರನ್ನು ನೋಡಿ ಟಿಕೆಟ್ ಎಂದರೆ ಇಬ್ಬರು ಜೇಬಿಗೆ ಕೈ ಹಾಕುತ್ತಿದ್ದರಂತೆ. ಅವಳು ಯಾರನ್ನು ನೋಡುತ್ತಿದ್ದಾಳೆ ಎಂದು ಗೊತ್ತಾಗದೆ ಟಿಕೆಟ್ ಇಲ್ಲದೆ ಕೂತವರು ತಾವಾಗಿಯೇ ಎದ್ದು ಬರುತ್ತಿದ್ದರಂತೆ. ಇದನ್ನೆಲ್ಲ ಅವಳು ನಗುತ್ತಾ ಹೇಳಿದ್ದು. ಆದರೆ ಹಿಂದೆ ಕೂತ ಹುಡುಗರು ಅವಳನ್ನು ಅಣಕಿಸಿ ವಿಡಿಯೋ ಮಾಡಿದ ದಿನ ನಗು ಬರಲಿಲ್ಲವಂತೆ. ಹೋಗಿ ಆಪರೇಷನ್ ಮಾಡಿಸಿಕೊಂಡಳು. ಎಲ್ಲಿ ಎಂದು ನಾನು ಬರೆಯುವುದಿಲ್ಲ. ಅಂಥದ್ದು ಎಲ್ಲಿ ಬೇಕಾದರೂ ಆಗಬಹುದು. ಬಿಗಿ ಮಾಡಿ ಹೊಲಿದ ಮೂಗಿನ ಕಡೆಯ ಸ್ನಾಯು ಹೊಲಿಗೆ ಬಿಟ್ಟುಕೊಂಡು ಹಿಂದಕ್ಕೆ ಜಾರಿ ಹೋಯಿತು.

ಈಗ ಅವಳ ಬಲಗಣ್ಣು ಬೆಳಿಗ್ಗೆ ಸಾಯಂಕಾಲ ಎನ್ನದೆ ಕಿವಿಯ ಕಡೆಗೇ ನಿಂತುಬಿಟ್ಟಿತ್ತು. ಜೊತೆಗೆ ಎಲ್ಲವೂ ಎರಡೆರಡು ಕಾಣುತ್ತಿತ್ತು. ಬಸ್ಸಿನ ಮೆಟ್ಟಿಲು ಎರಡೆರಡು, ಮೇಲಿನ ಹಿಡಿಕೆ ಎರಡೆರಡು, ಒಬ್ಬ ಪ್ಯಾಸೆಂಜರ್ ಅಕ್ಕಪಕ್ಕ ಇಬ್ಬರು. ಡಿಪೋದವರು ಅವಳನ್ನು ಬಸ್ಸಿನಿಂದ ಇಳಿಸಿ ಆಫೀಸಿನಲ್ಲಿ ಕೂರಿಸಿದರು. ಕಣ್ಣು ಸರಿ ಇದೆ ಎಂದು ಡಾಕ್ಟರು ಬರೆದುಕೊಟ್ಟರೆ ಬಸ್ಸು, ಇಲ್ಲದಿದ್ದರೆ ಕೊನೆಯವರೆಗೂ ಕುರ್ಚಿ ಎಂದು ಹೇಳಿದ್ದರು. ಬೇರೆಯವರಾದರೆ ಕುರ್ಚಿ ಸಿಕ್ಕಿತಲ್ಲ ಎಂದು ದೇವರಿಗೆ ಹಣ್ಣುಕಾಯಿ ಮಾಡಿಸುತ್ತಿದ್ದರು. ಇವಳು ನಮ್ಮ ಮೇಡಂ ಹತ್ತಿರ ಬಂದಳು.

"ಅಲ್ಲಿ ಫೈಲ್ ಜೋಡಿ ಕುಂದ್ರಬೇಕ್ರೀ ಮೇಡಂ," ಎಂದಳು. "ಫೈಲ್ ಜಗಳಾ ಮಾಡಂಗಿಲ್ಲ, ಚಿಲ್ಲರ ಕೇಳಂಗಿಲ್ಲ, ಮುಂದ ಹೋಗ್ರಿ ಅಂದ್ರ ಹೋಗಂಗಿಲ್ಲ. ನನಗ ಹುಚ್ಚ ಹಿಡಿತೈತ್ರಿ."

ಮೇಡಂ ಸ್ಕ್ಯಾನ್ ನೋಡಿದರು. ಸ್ನಾಯು ಕಣ್ಣಿನ ಹಿಂದೆ ಆಳದಲ್ಲಿ ಮುದುಡಿಕೊಂಡು ಕೂತಿತ್ತು. ಮುಂದಿನಿಂದ ಹುಡುಕಿದರೆ ಸಿಗುವ ಭರವಸೆ ಇರಲಿಲ್ಲ, ಕೆದಕಿದಷ್ಟೂ ಗಾಯ. ರೇಣುಕಾಳಿಗೆ ತಿಳಿಯುವ ಹಾಗೆ ಮೇಡಂ ಹೇಳಿದ್ದನ್ನು ನಾನು ಮರೆತಿಲ್ಲ: "ಲಂಗದ ಲಾಡಿ ಒಳಗೆ ಜಾರಿ ಹೋದ್ರೆ ಏನ್ ಮಾಡ್ತೀರ? ಹೊರಗಿಂದ ಬೆರಳು ಹಾಕಿದ್ರೆ ಇನ್ನೂ ಒಳಗೆ ಹೋಗುತ್ತೆ. ಒಳಗಿಂದ್ಲೇ ತಳ್ಳಿಕೊಂಡು ಬರ್ಬೇಕು. ನಿಮ್ಮ ಕಣ್ಣಿಗೂ ಹಾಗೇ ಮಾಡ್ತೀವಿ. ಮೂಗಿನ ಒಳಗಿಂದ ಹೋಗ್ತೀವಿ. ಸಿಗದೇನೂ ಇರಬಹುದು, ಅದನ್ನೂ ಈಗ್ಲೇ ಹೇಳ್ತೀನಿ."

ಮೂಗಿನಿಂದ ಹೋಗಲು ಬೇರೆ ಡಾಕ್ಟರು ಬೇಕು. ವಿಜಯನಗರದಿಂದ ಕಿವಿ ಮೂಗು ಗಂಟಲಿನ ಡಾಕ್ಟರ್ ಮುರಳೀಧರ್ ಬಂದರು. ದೊಡ್ಡ ದೇಹ, ದೊಡ್ಡ ನಗು. ಜೊತೆಗೆ ಅವರ ಎಂಡೋಸ್ಕೋಪ್, ಅಂದರೆ ಪೆನ್ಸಿಲಿನಷ್ಟು ಸಪೂರದ ಒಂದು ನಳಿಗೆ, ತುದಿಯಲ್ಲಿ ಬೆಳಕು, ಹಿಂದೆ ಕ್ಯಾಮೆರಾ. ಒಳಗಿನದೆಲ್ಲ ಟಿವಿಯಲ್ಲಿ ಕಾಣುತ್ತದೆ. ನಮ್ಮ ಥಿಯೇಟರಿನಲ್ಲಿ ಅದುವರೆಗೆ ಡಾಕ್ಟರು ತಲೆ ತಗ್ಗಿಸಿ ಕೆಲಸ ಮಾಡುತ್ತಿದ್ದರು, ಅವರಿಗೆ ಏನು ಕಾಣುತ್ತಿದೆ ಎಂದು ನಮಗೆ ಗೊತ್ತಾಗುತ್ತಿರಲಿಲ್ಲ. ಟಿವಿ ಬಂದ ದಿನ ಎಲ್ಲರ ತಲೆಯೂ ಮೇಲಕ್ಕೆ ಎದ್ದಿತು. ಕಸ ಗುಡಿಸುವ ಲಕ್ಷ್ಮಮ್ಮ ಕೂಡ ಬಾಗಿಲ ಗಾಜಿನಲ್ಲಿ ಇಣುಕಿ, ಮಧ್ಯೆ ಅಡ್ವರ್ಟೈಸ್‌ಮೆಂಟ್ ಬರಲ್ವಾ ಎಂದು ಕೇಳಿದಳು.

ಕಣ್ಣಿನವರಿಗೂ ಮೂಗಿನವರಿಗೂ ಒಂದೇ ಟೇಬಲ್ ಸಾಲುವುದಿಲ್ಲ ಎಂದು ನನಗೆ ಗೊತ್ತಾದದ್ದು ಅವತ್ತೇ. ತಲೆಯ ಹತ್ತಿರ ನಮ್ಮ ಮೇಡಂ ಸ್ಟೂಲ್ ಹಾಕಿಕೊಂಡು ಕೂರುವುದು ರೂಢಿ. ಮುರಳೀಧರ್ ಸಾರ್ ಬಲಗಡೆ ನಿಂತುಕೊಳ್ಳುವವರು. ಅವರ ಹೊಟ್ಟೆ ಮೇಡಂ ಅವರ ಮೊಣಕೈಗೆ ತಗಲುತ್ತಿತ್ತು. ಮೇಡಂ ದನಿ ಸಣ್ಣದಾಯಿತು. ಸಾರ್ ಹೊಟ್ಟೆ ಒಳಗೆಳೆದುಕೊಂಡರು, ಆದರೆ ಹಾಗೆ ಎಷ್ಟು ಹೊತ್ತು ಇರಲು ಸಾಧ್ಯ?

ಎಂಡೋಸ್ಕೋಪಿನ ಗಾಜು ಮಂಜು ಹಿಡಿಯದಿರಲು ಬಿಸಿ ಮಾಡಿದ ಸ್ಟೆರೈಲ್ ನೀರಿನಲ್ಲಿ ಅದ್ದಬೇಕು. ಮೂಗಿನ ಥಿಯೇಟರಿನಲ್ಲಿ ಇದು ಎಲ್ಲರಿಗೂ ಗೊತ್ತಿರುವ ವಿಷಯ. ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ತಯಾರಿ ನೋಡಲು ಮುಂಚಿನ ದಿನ ಬಂದಿದ್ದ ಸಾರ್, "ಬಿಸಿ ನೀರು ಕೊಡಮ್ಮಾ" ಎಂದರು. ನಮ್ಮ ಸಿಸ್ಟರ್ ಮರಿಯಾ ಫ್ಲಾಸ್ಕಿನಿಂದ ಲೋಟಕ್ಕೆ ಬಗ್ಗಿಸಿ, ಜೀರಿಗೆ ಹಾಕಿದ ನೀರು ತಂದುಕೊಟ್ಟರು, ದಪ್ಪ ಇರುವವರು ಅದನ್ನೇ ಕುಡಿಯುತ್ತಾರಲ್ಲ ಎಂದು. ಸಾರ್ ಲೋಟ ನೋಡಿದರು, ಜೀರಿಗೆ ನೋಡಿದರು, ತಮ್ಮ ಹೊಟ್ಟೆ ನೋಡಿಕೊಂಡರು, ಮಾತಾಡದೆ ಕುಡಿದರು. ಆಮೇಲೆ ಯಾವ ನೀರು ಎಂದು ವಿವರಿಸಿದರು. ಹೊಸ ಮೆಷಿನ್ ಬಂದಾಗ ಅದರ ಜೊತೆ ಬರುವ ಸಣ್ಣಪುಟ್ಟ ರೂಢಿಗಳನ್ನು ಕೇಳಿ ತಿಳಿದುಕೊಳ್ಳಿ, ಮಕ್ಕಳೇ. ಮೆಷಿನ್ ಹೇಗಾದರೂ ನಡೆಯುತ್ತದೆ, ನೀರೇ ತೊಂದರೆ ಕೊಡುವುದು.

ಆಪರೇಷನ್ ದಿನ ರೇಣುಕಾ ಟೇಬಲ್ ಹತ್ತಿದಳು. ನಮ್ಮ ಟೇಬಲ್ಲಿನ ತಲೆ ಉತ್ತರಕ್ಕೆ ಇತ್ತು. ಉತ್ತರಕ್ಕೆ ತಲೆ ಹಾಕಿ ಮಲಗಿಸುತ್ತೀರಾ ಎಂದು ಎಷ್ಟೋ ಜನ ಜಗಳ ತೆಗೆದಿದ್ದಾರೆ. ರೇಣುಕಾ ಕೇಳಿದ್ದು ಬೇರೆ. "ಅಣ್ಣಾ, ಮೆಜೆಸ್ಟಿಕ್ ಯಾವ ಬಾಜೂಕ್ ಬರತೈತ್ರಿ?" ನಿನ್ನ ಎಡಗಡೆ ಎಂದೆ. ಹಾಗಾದರೆ ಕೆಂಗೇರಿ ಬಲಗಡೆ ಎಂದು ತಾನೇ ಹೇಳಿಕೊಂಡಳು. ದಿಕ್ಕು ಗೊತ್ತಿದ್ದರೆ ನಿದ್ದೆ ಚೆನ್ನಾಗಿ ಬರುತ್ತದಂತೆ. ಅರಿವಳಿಕೆ ಡಾಕ್ಟರು, ನಾಗೇಶ್ ಎಂದು, ಇದನ್ನು ಕೇಳಿ ನಗುತ್ತಾ ಮಂಪರಿನ ಇಂಜೆಕ್ಷನ್ ಕೊಟ್ಟರು.

ಮೂಗಿಗೂ ಕಣ್ಣಿಗೂ ನಡುವೆ ಹಪ್ಪಳದಷ್ಟು ತೆಳ್ಳನೆಯ ಮೂಳೆ ಇದೆ. ಸಾರ್ ಬಲ ಮೂಗಿನ ಹೊಳ್ಳೆಯಿಂದ ಹೋಗಿ ಅಲ್ಲೊಂದು ಸಣ್ಣ ಕಿಟಕಿ ತೆಗೆದರು. ಟಿವಿಯಲ್ಲಿ ಹಳದಿ ಬಣ್ಣದ ಕೊಬ್ಬು ಉಬ್ಬಿ ಬಂತು. ಸಾರ್ ಅದನ್ನು ಬೆಣ್ಣೆ ಎಂದರು. ಅದು ಬೆಣ್ಣೆಯಲ್ಲ, ಮುಟ್ಟಬೇಡಿ ಎಂದರು ಮೇಡಂ. ಅದರ ಹಿಂದೆ ಎಲ್ಲೋ ಸ್ನಾಯು ಇರಬೇಕು. ಇಲ್ಲಿಂದ ಶುರುವಾಯಿತು ಎಡ ಬಲದ ಗಲಾಟೆ.

ತಲೆಯ ಹತ್ತಿರ ಕೂತ ಮೇಡಂಗೆ ಎಡ ಆದದ್ದು ಟಿವಿ ನೋಡುವ ಸಾರ್‌ಗೆ ಬಲ. ಮೇಡಂ ಎಡಕ್ಕೆ ಎಂದರೆ ನಳಿಗೆ ಬಲಕ್ಕೆ ಹೋಗುತ್ತಿತ್ತು. ಕಣ್ಣಿನವರಿಗೆ ಇದಕ್ಕೊಂದು ಸುಲಭದ ಮಾತಿದೆ, ಎಡ ಬಲದ ಬದಲು ಮೂಗಿನ ಕಡೆ, ಕಿವಿಯ ಕಡೆ ಎನ್ನುತ್ತಾರೆ. ಮೇಡಂ ಅದನ್ನೇ ಹೇಳಿದರು, "ಸ್ವಲ್ಪ ಮೂಗಿನ ಕಡೆ ಬನ್ನಿ."

"ಮೇಡಂ, ನಾನು ಮೂಗಿನ ಒಳಗೇ ಇದೀನಿ," ಎಂದರು ಸಾರ್. "ಇನ್ನೆಲ್ಲಿಗೆ ಬರ್ಲಿ?"

ಯಾರೂ ನಗಲಿಲ್ಲ. ಸ್ನಾಯು ಸಿಗದೆ ತುಂಬಾ ಹೊತ್ತಾಗಿತ್ತು. ಮೇಡಂ ದನಿ ಸಣ್ಣದಾಗುತ್ತಾ ಆಗುತ್ತಾ ಮಾಸ್ಕಿನೊಳಗೇ ಉಳಿಯುತ್ತಿತ್ತು. ಇನ್ನು ಸ್ವಲ್ಪ ನೋಡಿ ಮುಚ್ಚಿಬಿಡೋಣ ಎಂದು ಸಾರ್ ಮೆಲ್ಲಗೆ ಹೇಳಿದರು. ಮುಚ್ಚಿದರೆ ರೇಣುಕಾಳಿಗೆ ಕುರ್ಚಿಯೇ ಗತಿ. ಆಗ ತಲೆಯ ಪಕ್ಕ ಸುಮ್ಮನೆ ಕೂತಿದ್ದ ನಾಗೇಶ್ ಸಾರ್, ಪೇಷಂಟ್ ಮಲಗುವ ಮುಂಚೆ ದಾರಿ ಹೇಳಿ ಮಲಗಿದ್ದಾರೆ, ಅದನ್ನೇ ಹಿಡಿಯಿರಿ ಎಂದರು. "ಈ ಕಡೆ ಮೆಜೆಸ್ಟಿಕ್. ಆ ಕಡೆ ಕೆಂಗೇರಿ. ನೀವು ಎಲ್ಲಿ ನಿಂತ್ರೂ ಮೆಜೆಸ್ಟಿಕ್ ಜಾಗ ಬದಲಾಗಲ್ಲ."

ಆಮೇಲೆ ಮೇಡಂ ಗಂಟಲು ಸರಿಮಾಡಿಕೊಂಡು, "ಡಾಕ್ಟರ್, ಕೆಂಗೇರಿ ಕಡೆ ಸ್ವಲ್ಪ ಹೋಗಿ" ಎಂದರು. ನಳಿಗೆ ಸರಿಯಾಗಿ ಬಲಗಿವಿಯ ಕಡೆಗೇ ಹೋಯಿತು. "ಇನ್ನೂ ಸ್ವಲ್ಪ. ನಿಲ್ಲಿ. ಈಗ ಹಿಂದಕ್ಕೆ." ಹಳದಿ ಕೊಬ್ಬಿನ ನಡುವೆ ಕೆಂಪಗೆ ನಾರಿನ ಹಾಗೆ ಒಂದು ತುದಿ ಕಂಡಿತು. ಸಾರ್ ಅದನ್ನು ಒಳಗಿನಿಂದ ಮೆಲ್ಲಗೆ ಮುಂದಕ್ಕೆ ತಳ್ಳಿಕೊಂಡು ಬಂದರು, ಮೇಡಂ ಮುಂದಿನಿಂದ ಹಿಡಿದುಕೊಂಡರು. ಲಾಡಿ ಸಿಕ್ಕಿತು. ಸಾರ್ ಅಲ್ಲಿಯವರೆಗೆ ಹಿಡಿದಿಟ್ಟಿದ್ದ ಹೊಟ್ಟೆಯನ್ನು ಬಿಟ್ಟರು. ಅದು ಮೇಡಂ ಮೊಣಕೈಗೆ ತಗಲಿತು. ಅವತ್ತು ಮೇಡಂ ಏನೂ ಅನ್ನಲಿಲ್ಲ.

ಮೇಡಂ ಸ್ನಾಯುವನ್ನು ಕಣ್ಣಿಗೆ ಹೊಲಿದರು, ಆದರೆ ಕೊನೆಯ ಗಂಟು ಹಾಕಲಿಲ್ಲ. ಜಾರುಗಂಟು ಬಿಟ್ಟರು. ಇದೂ ಒಂದು ಪದ್ಧತಿ. ಮಾರನೆ ದಿನ ಪೇಷಂಟ್ ಎಚ್ಚರವಾಗಿ ಕೂತು ನೋಡುತ್ತಿರುವಾಗ ದಾರವನ್ನು ಸ್ವಲ್ಪ ಎಳೆದು, ಸ್ವಲ್ಪ ಬಿಟ್ಟು, ಒಂದೇ ಕಾಣುತ್ತಿದೆ ಎಂದಾಗ ಗಂಟು ಬಿಗಿಯುವುದು. ಗಂಟು ಬಿದ್ದ ಮೇಲೆ ಮುಗಿಯಿತು.

ಮಾರನೆ ದಿನ ರೇಣುಕಾಳನ್ನು ಮೊದಲ ಮಹಡಿಯ ಪರೀಕ್ಷೆ ಕೋಣೆಯಲ್ಲಿ ಕೂರಿಸಿದೆವು. ಮೂಗಿನಲ್ಲಿ ಅರಳೆ ತುಂಬಿದ್ದರಿಂದ ದನಿ ಗೊಗ್ಗರಾಗಿತ್ತು. ತಾವು ಹಿಡಿದುಕೊಟ್ಟ ಸ್ನಾಯು ಏನು ಮಾಡುತ್ತಿದೆ ಎಂದು ನೋಡಲು ಮುರಳೀಧರ್ ಸಾರ್ ಕೂಡ ಬಂದಿದ್ದರು. ಮೇಡಂ ಕಣ್ಣಿಗೆ ಮರಗಟ್ಟುವ ಹನಿ ಹಾಕಿ, ಒಂದೊಂದೇ ಕಣ್ಣು ಮುಚ್ಚಿ ತೆಗೆದು ನೋಡಿದರು. ಹೆಚ್ಚೂಕಮ್ಮಿ ನೆಟ್ಟಗಿತ್ತು. ಆ ಹೆಚ್ಚೂಕಮ್ಮಿಯನ್ನು ಸರಿ ಮಾಡಲು ಅವಳ ಬಾಯಿಂದ ಬರುವ ಮಾತು ಬೇಕಾಗಿತ್ತು.

ಎದುರಿನ ಅಕ್ಷರದ ಬೋರ್ಡು ತೋರಿಸಿ ಎಷ್ಟು ಎಂದು ಕೇಳಿದರು. ಒಂದೇ ಎಂದಳು. ದಾರ ಎಳೆದರು. ಒಂದೇ. ಬಿಟ್ಟರು. ಒಂದೇ. ಮೇಡಂ ಒಂದು ಪಟ್ಟಕದ ಗಾಜನ್ನು ಅವಳ ಕಣ್ಣ ಮುಂದೆ ಹಿಡಿದರು. ಅದನ್ನು ಹಿಡಿದರೆ ಎಂಥ ಒಳ್ಳೆಯ ಕಣ್ಣಿಗೂ ಎರಡು ಕಾಣಬೇಕು. "ಒಂದ ಐತ್ರಿ ಮೇಡಂ, ಭಾಳ ಛಂದ ಕಾಣಾಕತ್ತೈತಿ."

ಮೇಡಂ ದನಿ ಸಣ್ಣದಾಯಿತು. "ರೇಣುಕಾ, ಈ ಗಾಜು ಹಿಡಿದ್ರೆ ನನಗೇ ಎರಡು ಕಾಣುತ್ತೆ. ನಿಮಗೆ ಮಾತ್ರ ಒಂದಾ?"

ರೇಣುಕಾ ತಲೆ ತಗ್ಗಿಸಿದಳು. ಎರಡು ಎಂದರೆ ಮತ್ತೆ ಫೈಲಿನ ಮುಂದೆ ಕೂರಿಸುತ್ತಾರೆ ಎಂಬ ಭಯ. ನೀವು ಸುಳ್ಳು ಹೇಳಿದರೆ ಸುಳ್ಳಿಗೇ ಗಂಟು ಹಾಕಬೇಕಾಗುತ್ತದೆ, ಆಮೇಲೆ ನಾನೂ ಬಿಚ್ಚಲಾರೆ, ಮೂಗಿನವರೂ ಬಿಚ್ಚಲಾರರು ಎಂದು ಮೇಡಂ ತಿಳಿಹೇಳಿದರು. ನೋಡಿ ನೋಡಿ ಬಾಯಿಪಾಠವಾಗಿರುವ ಬೋರ್ಡು ಬೇಡ ಎಂದು ಕುರ್ಚಿಯನ್ನು ಕಿಟಕಿಯ ಕಡೆಗೆ ತಿರುಗಿಸಿದರು. ಕೆಳಗೆ ರಸ್ತೆಯಾಚೆ ಬಸ್ ಸ್ಟಾಪ್. ಮೇಡಂ ಕಿಟಕಿಗೆ ಬೆನ್ನು ಮಾಡಿ, ರೇಣುಕಾಳ ಎದುರು ಕೂತರು.

"ಬಸ್ ಬಂದ್ರೆ ಎಷ್ಟು ಅಂತ ಹೇಳಿ. ನಿಜ ಹೇಳಿ."

ಬಸ್ ಬಂತು. "ಎರಡ್ರೀ," ಎಂದಳು, ದುಃಖದಿಂದ.

ಮೇಡಂ ದಾರ ಎಳೆದರು. ಈಗ ಎಷ್ಟು ಎಂದರು. ರೇಣುಕಾ ಬಹಳ ಹೊತ್ತು ನೋಡಿದಳು. ನಾನು ಅವಳ ತಲೆ ಅಲ್ಲಾಡದ ಹಾಗೆ ಹಿಡಿದಿದ್ದೆ, ನನಗೆ ಕಾಣುತ್ತಿದ್ದದ್ದು ಅವಳ ಕೂದಲು ಮಾತ್ರ.

"ನಾಲ್ಕ ಆದೂವ್ರೀ."

ಮೇಡಂ ಕೈ ನಿಂತಿತು. ಗೋಡೆಗೆ ಒರಗಿದ್ದ ಮುರಳೀಧರ್ ಸಾರ್, "ಮೇಡಂ, ಇನ್ನೊಂದು ಸಲ ಎಳೆದ್ರೆ ಇಡೀ ಡಿಪೋ ಬರುತ್ತೆ" ಎಂದರು.

"ನೀವು ಸುಮ್ನಿರಿ," ಎಂದರು ಮೇಡಂ.

"ಸಿಟ್ಟಾಗಬ್ಯಾಡ್ರಿ ಮೇಡಂ," ಎಂದಳು ರೇಣುಕಾ. "ಮೊದಲ ಎರಡ ಇದ್ದೂವಲ್ರೀ, ಅವು ಖರೇ ಎರಡ. ಮುಂದಿನ ಬಸ್ಸಿನ ಗ್ಲಾಸಿಗೆ ನಿಂಬಿಹಣ್ಣ ಕಟ್ಯಾರ, ಹಿಂದಿಂದಕ್ಕ ಕಟ್ಟಿಲ್ಲ. ನನ್ನ ಕಣ್ಣು ಎರಡ ಮಾಡಿತ್ತಂದ್ರ ಎರಡಕ್ಕೂ ನಿಂಬಿಹಣ್ಣ ಇರಬೇಕಿತ್ತಲ್ರೀ? ಈಗ ನೀವ್ ಎಳದ ಮ್ಯಾಲೆ ನಿಂಬಿಹಣ್ಣಿಂದು ಎರಡ, ಇಲ್ಲದ್ದು ಎರಡ."

ಮೇಡಂ ಎದ್ದು ಕಿಟಕಿಯ ಹತ್ತಿರ ಹೋದರು. ನಾವೆಲ್ಲ ಹಿಂದೆ ಹೋದೆವು. ಬಹಳ ಹೊತ್ತು ಬಸ್ಸೇ ಇಲ್ಲದ ಸ್ಟಾಪಿಗೆ ಒಂದೇ ನಂಬರಿನ ಬಸ್ಸು ಎರಡು ಒಟ್ಟಿಗೆ ಬಂದು, ಒಂದರ ಹಿಂದೆ ಒಂದು ಅಂಟಿಕೊಂಡು ನಿಂತಿದ್ದವು. ನಮ್ಮ ಊರಿನ ಬಸ್ಸು ಇನ್ನು ಹೇಗೆ ಬರುತ್ತದೆ? ಮುಂದಿನದರಲ್ಲಿ ನಿಂಬೆಹಣ್ಣು ತೂಗುತ್ತಿತ್ತು.

ಮೇಡಂ ವಾಪಸ್ ಬಂದು ಕೂತರು. ಬಸ್ಸುಗಳು ಹೊರಡುವ ಮುಂಚೆ, ಮುಂಚೆ ಇದ್ದಲ್ಲಿಗೇ ದಾರ ಸಡಿಲ ಬಿಟ್ಟರು. "ಈಗ?"

"ಎರಡ್ರೀ. ಒಂದಕ್ಕ ಐತಿ, ಒಂದಕ್ಕ ಇಲ್ಲ."

ಮೇಡಂ ಗಂಟು ಹಾಕಿದರು. ಎರಡು ಕಾಣುತ್ತಿದೆ ಎಂದ ಪೇಷಂಟಿಗೆ, ಸರಿಯಾಗಿದೆ ಎಂದು ಗಂಟು ಹಾಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮಾಸ್ಕಿನೊಳಗೆ ಅವರು ನಗುತ್ತಿದ್ದರು ಎಂದು ಭುಜ ನೋಡಿ ಗೊತ್ತಾಯಿತು.

ಗಾಯ ಮಾಗಿದ ಮೇಲೆ ಮೇಡಂ ಬರೆದುಕೊಟ್ಟರು, ಡಿಪೋದವರು ಅವಳನ್ನು ಮತ್ತೆ ಬಸ್ಸಿಗೆ ಹತ್ತಿಸಿದರು. ನಾನೂ ರಿಟೈರ್ ಆಗಿ ಕೆಂಗೇರಿ ಉಪನಗರಕ್ಕೆ ಬಂದೆ. ಒಂದು ಸಾಯಂಕಾಲ ದೀಪಾಂಜಲಿ ನಗರದಲ್ಲಿ ಬಸ್ ಹತ್ತಿದರೆ ರೇಣುಕಾ. ಜನ ಕಿಕ್ಕಿರಿದಿದ್ದರು. ನೆಟ್ಟಗೆ ನನ್ನ ಮುಖ ನೋಡಿ, ಟಿಕೆಟ್ ಎಂದಳು. ನಾನೊಬ್ಬನೇ ಜೇಬಿಗೆ ಕೈ ಹಾಕಿದೆ. ಎರಡೂ ಕಣ್ಣು ಒಂದೇ ಕಡೆ, ಅಲ್ಲಾಡದೆ. ಸಾಯಂಕಾಲದ ಹೊತ್ತಿನಲ್ಲಿ. ಎರಡು ಕಾಣುತ್ತದೆಯೇ ಎಂದು ಕೇಳಿದೆ. ಜನ ಇಳಿಯುತ್ತಾ ಹತ್ತುತ್ತಾ ಇರುವಾಗಲೂ ಒಂದಕ್ಕೆ ಒಂದೇ ಕಾಣುತ್ತದೆ ಎಂದು ಹೇಳಿ, ನನಗೆ ಸೀಟು ಕೊಡಿಸಿದಳು.

ಆಮೇಲೆ ಬಗ್ಗಿ, "ಅಣ್ಣಾ, ಒಂದ ತ್ರಾಸ ಐತಿ" ಎಂದಳು. "ನಾ ಯಾರನ್ನ ನೋಡಾಕತ್ತೀನಿ ಅಂತ ಈಗ ಎಲ್ಲಾರ್ಗೂ ಗೊತ್ತಾಗತೈತಿ. ನಾ ಈ ಕಡೆ ನೋಡಿದ್ರ, ಆ ಕಡೆಯಾವ ಆರಾಮ ಕುಂದರ್ತಾನ. ಹೆದರಿಕೀನ ಹೋಗೇತಿ."

ಹಿಂದಿನ ಸೀಟಿನಲ್ಲಿ ಬೆನ್ನಿಗೆ ದೊಡ್ಡ ಬ್ಯಾಗು ಹಾಕಿದ ಒಬ್ಬ ಹುಡುಗ ಕಿಟಕಿಯಾಚೆ ನೋಡುವ ಹಾಗೆ ನಟಿಸುತ್ತಿದ್ದ. ರೇಣುಕಾ ಅವನ ಕಡೆ ತಿರುಗಲೇ ಇಲ್ಲ. ನನ್ನ ಕಡೆಗೇ ಮುಖ ಮಾಡಿ ನಿಂತು, ಉಸಿರು ಬಿಟ್ಟು, ಬಲಗಣ್ಣನ್ನು ಮೆಲ್ಲಗೆ ಕೆಂಗೇರಿ ಕಡೆಗೆ ಜಾರಲು ಬಿಟ್ಟಳು. ಅದು ಜಾರಿ ಅಲ್ಲಿ ನಿಂತಿತು.

ಹುಡುಗ ಎದ್ದು ಬಂದು, "ಒಂದು ಉಲ್ಲಾಳ ಕೊಡಿ ಅಕ್ಕಾ" ಎಂದ.

ರೇಣುಕಾ ಒಮ್ಮೆ ರೆಪ್ಪೆ ಬಡಿದಳು. ಕಣ್ಣು ಮೆಜೆಸ್ಟಿಕ್ ಕಡೆಗೆ ವಾಪಸ್ ಬಂದು ನೆಟ್ಟಗೆ ಕೂತಿತು. ಟಿಕೆಟ್ ಹರಿದು ಕೊಡುತ್ತಾ ನನಗಷ್ಟೇ ಕೇಳುವ ಹಾಗೆ, "ಮೇಡಂಗ ಹೇಳಬ್ಯಾಡ್ರಿ" ಎಂದಳು.

ನಾನು ಇವತ್ತಿನವರೆಗೆ ಹೇಳಿಲ್ಲ.